ಕಂಠದವರೆಗೆ ತುಂಬದ ಹಂಡೆ

ಪುಣೆಯ ಆ ವಸ್ತುಸಂಗ್ರಹಾಲಯದ ಸುದ್ದಿ ತೆಗೆದರೆ ಸಾಕು, ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಇಷ್ಟು ವಯಸ್ಸಾಯಿತು, ಇನ್ನಾದರೂ ಬಿಟ್ಟುಬಿಡು ಎಂದು ಮಕ್ಕಳು ಹೇಳುತ್ತಾರೆ. ಬಿಡುವುದಿಲ್ಲ. ಹಂಡೆ ಕೆಟ್ಟದ್ದು ನನ್ನದು, ಅವರಿಗೇನು ಗೊತ್ತು?

ಸಂಗ್ರಹಾಲಯವೆಂದರೆ ದೊಡ್ಡದೇನಲ್ಲ. ಪೇಠೆಯೊಳಗಿನ ಒಂದು ಹಳೆಯ ವಾಡೆ, ಎರಡು ಪಡಸಾಲೆ, ನಡುವೆ ಅಂಗಳ, ಅಂಗಳದಲ್ಲೊಂದು ನೀರಿನ ತೊಟ್ಟಿ. ವರ್ಷವಿಡೀ ಅಲ್ಲಿ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ದಸರೆ ಹತ್ತಿರ ಬಂತೆಂದರೆ ಕಮಿಟಿಯ ಗಂಡಸರಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. ತುಕ್ಕು ಹಿಡಿದ ಕತ್ತಿಗಳಿಗೆ ಎಣ್ಣೆ ಸವರಿ ಚೆಂಡುಹೂವಿನ ಮಾಲೆ ಹಾಕುವರು. ದೀಪಾವಳಿಗೆ ಆ ಊರಿನ ಮಕ್ಕಳು ಮನೆಮುಂದೆ ಮಣ್ಣಿನಲ್ಲಿ ಕಿಲ್ಲೆ, ಅಂದರೆ ಪುಟ್ಟ ಕೋಟೆ, ಕಟ್ಟಿ ಆಡುತ್ತಾರಲ್ಲ, ಅದನ್ನೇ ಇವರು ಆಳುಗಳನ್ನು ಹಚ್ಚಿ ಅಂಗಳದಲ್ಲಿ ಎದೆಮಟ್ಟ ಕಟ್ಟಿಸುವರು. ಆಮೇಲೆ ಊರಿನ ದೊಡ್ಡವರಿಗೆಲ್ಲ ಆಮಂತ್ರಣ, ಅತ್ತರು, ಚಕ್ಕುಲಿ, ಕರಂಜಿ, ಮುಗಿಯದ ಭಾಷಣ.

ನನ್ನ ಅಪ್ಪ ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಕಾರಕೂನನಾಗಿದ್ದ. ಆ ಕಮಿಟಿಯಲ್ಲಿ ಕನ್ನಡದವನೆಂದರೆ ಅವನೊಬ್ಬನೇ. ಸೇರಿಸಿಕೊಂಡರಲ್ಲ ಎಂಬುದೇ ಅವನಿಗೆ ಆನೆಬಲ. ಮನೆಯಲ್ಲಿ ಹುಲಿಯಂತಿದ್ದವನು ಕಾರ್ಯದರ್ಶಿಗಳ ಮುಂದೆ ನಿಂತರೆ ಬಾಯಿಗೆ ಬೀಗ. ಆ ವರ್ಷ ಕಿಲ್ಲೆಯ ಬುಡದಲ್ಲಿಡಲು ಹಳೆಯ ಕಾಲದ ದೊಡ್ಡ ಪಾತ್ರೆ ಬೇಕೆಂದು ಕಾರ್ಯದರ್ಶಿಗಳು ಅಂದದ್ದೇ ತಡ, ಅಪ್ಪ ನಮ್ಮ ತಾಮ್ರದ ಹಂಡೆಯನ್ನು ಕೊಡುವುದಾಗಿ ಒಪ್ಪಿಕೊಂಡು ಬಂದ. ಅವ್ವನನ್ನು ಒಂದು ಮಾತು ಕೇಳಲಿಲ್ಲ.

ಅದು ಅವ್ವನ ಅಜ್ಜಿಯ ಹಂಡೆ. ತಾಯಿಯಿಂದ ಮಗಳಿಗೆ ಬರುತ್ತಿದ್ದದ್ದು. ಕಂಠದ ಹತ್ತಿರ ಆ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಮಗಳ ಮದುವೆಯಾದ ಮೊದಲ ದೀಪಾವಳಿಗೆ ಅಳಿಯನಿಗೆ ಅದರಲ್ಲಿ ಕಾಸಿದ ನೀರಿನಿಂದ ಎರೆದು, ಹಂಡೆಯನ್ನು ಮಗಳಿಗೆ ಕೊಟ್ಟು ಕಳಿಸುವುದು ನಮ್ಮ ಮನೆತನದ ಪದ್ಧತಿ. ಆ ವರ್ಷ ಮದುವೆಯಾದವಳು ನಾನು.

ನಮ್ಮ ಕಡೆ ಆ ಹಬ್ಬ ಶುರುವಾಗುವುದೇ ನೀರು ತುಂಬುವುದರಿಂದ. ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊರಳಿಗೆ ಬಳ್ಳಿ ಕಟ್ಟಿ, ಕಂಠದವರೆಗೆ ನೀರು ತುಂಬಿ ಪೂಜೆ ಮಾಡುತ್ತೇವೆ. ಬೆಳಗ್ಗೆ ಅದಕ್ಕೆ ಮತ್ತೆ ನೀರು ಸುರಿಯುವಂತಿಲ್ಲ. ಮನೆಮಂದಿಯೆಲ್ಲ ಆ ನೀರಿನಲ್ಲೇ, ಸೂರ್ಯ ಹುಟ್ಟುವುದರೊಳಗೆ, ಎಣ್ಣೆಸ್ನಾನ ಮುಗಿಸಬೇಕು. ತಡವಾದವರಿಗೆ ನರಕವೆಂದು ಹೆದರಿಸುತ್ತಿದ್ದರು. ಹಂಡೆ ಖಾಲಿ ಉಳಿಯುವುದು ಸಾವಿನ ಮನೆಯಲ್ಲಿ ಮಾತ್ರ.

ಅದಕ್ಕೇ ಅವ್ವ ಒಂದೇ ಷರತ್ತು ಹಾಕಿದ್ದಳು, ತುಂಬುವ ದಿನ ಹಂಡೆ ಮನೆಗೆ ಬರಬೇಕೆಂದು. ಅಪ್ಪ ಹೂಂ ಅಂದಿದ್ದ. ಆ ದಿನ ಮಧ್ಯಾಹ್ನ ಬರಿಗೈಯಲ್ಲಿ ಬಂದ. ಸಂಜೆ ಇನಾಮದಾರರು ಕಿಲ್ಲೆ ನೋಡಲು ಬರುವವರಿದ್ದಾರೆ, ತುಳಸಿ ಲಗ್ನದವರೆಗೂ ಹಂಡೆ ಅಲ್ಲೇ ಇರಲಿ ಎಂದು ಕಾರ್ಯದರ್ಶಿಗಳು ಅಂದಿದ್ದಾರೆ, ನಾನೇನು ಮಾಡಲಿ ಎಂದು ನಮಗೇ ಸಿಡುಕಿದ. ನನ್ನ ಗಂಡ ಬೆಳಗಿನ ಗಾಡಿಗೇ ಬಂದು ಒಳಗೆ ಕೂತಿದ್ದ. ಅವ್ವ ಕುಂಕುಮದ ಬಟ್ಟಲು, ಬಳ್ಳಿ, ಎರಡು ಕೊಡ ತೆಗೆದುಕೊಂಡು ನನ್ನನ್ನು ಕರೆದಳು.

ನಾವು ಹೋದಾಗ ಅಂಗಳದ ತುಂಬ ರುಮಾಲು ಸುತ್ತಿದ ತಲೆಗಳು. ಅಪ್ಪ ಬಾಗಿಲಲ್ಲಿ ಅತ್ತರದಾನಿ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದ. ನಮ್ಮನ್ನು ಕಂಡು ಮುಖ ಇಷ್ಟು ಸಣ್ಣದಾಯಿತು. ಹಂಡೆ ಕಿಲ್ಲೆಯ ಬುಡದಲ್ಲಿತ್ತು. ಕಂಠಕ್ಕೆ ಹೊಸ ಹಿತ್ತಾಳೆಯ ಫಲಕ: ಪೇಶ್ವೆಯವರ ದಂಡಿನ ಅಡುಗೆಯ ಪಾತ್ರೆ! ಫಲಕ ಕೂಡಿಸಿದ್ದು ಸರಿಯಾಗಿ ಅಜ್ಜಿಯ ಹೆಸರಿನ ಮೇಲೆ. ಯಾಕೆಂದು ನಾನು ಕೇಳಿದ್ದಕ್ಕೆ ಕಾರ್ಯದರ್ಶಿಗಳು ನಗುತ್ತ ಮರಾಠಿಯಲ್ಲಿ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಲ್ಲಿ ಕಾನಡಿ ಅಕ್ಷರ ಕಂಡರೆ ಜನ ನೂರು ಪ್ರಶ್ನೆ ಕೇಳುತ್ತಾರೆ, ಇತಿಹಾಸಕ್ಕೆ ಹೊಂದುವುದಿಲ್ಲ, ಎಂದರು. ಎಂಥ ಇತಿಹಾಸವೋ! ನನ್ನ ಮುತ್ತಜ್ಜಿ ಯಾವ ದಂಡಿಗೆ ಅನ್ನ ಬೇಯಿಸಿದ್ದಳು?

ಅವ್ವ ಜಗಳ ತೆಗೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಿಗೂ ಕೇಳುವಂತೆ ಅಪ್ಪನಿಗೆ ಹೇಳಿದಳು. "ತುಂಬೂ ದಿನ ಹಂಡೆ ಖಾಲಿ ಇಡಬಾರದ್ರಿ. ಮನಿಗೆ ಕೊಡೂದಿಲ್ಲಂದ್ರ ಇಲ್ಲೇ ತುಂಬ್ತೇನಿ."

ತೊಟ್ಟಿಯಿಂದ ನಾನು ಎತ್ತಿ ಕೊಡುತ್ತಿದ್ದೆ, ಅವಳು ಸುರಿಯುತ್ತಿದ್ದಳು. ಹೆಂಗಸರ ಯಾವುದೋ ಪೂಜೆ ಎಂದುಕೊಂಡು ಇನಾಮದಾರರು ಕೈಮುಗಿದು ನಿಂತರು, ಹೀಗಾಗಿ ಕಾರ್ಯದರ್ಶಿಗಳಿಗೆ ತಡೆಯುವ ಹಾಗಿರಲಿಲ್ಲ. ನೀರು ಏರುತ್ತ ಏರುತ್ತ ಕಂಠದ ಹತ್ತಿರ ಬಂತು. ಆಗ ಫಲಕದ ಎರಡೂ ತುದಿಯಿಂದ ಎರಡು ಧಾರೆ ಚಿಮ್ಮಿ, ಕೆಳಗೆ ಹರಿದು ಕಿಲ್ಲೆಯ ಬುಡಕ್ಕೆ ನುಗ್ಗಿದವು. ಬುರುಜು ಕರಗಿ ಕೂತಿತು. ಪುಣ್ಯಾತ್ಮರು ಫಲಕ ಕೂಡಿಸಲು ಹಂಡೆಗೇ ತೂತು ಕೊರೆದಿದ್ದರು. ಪಾತ್ರೆಯಲ್ಲಿ ನೀರು ನಿಲ್ಲಬೇಕೆಂಬುದು ಆ ಪಂಡಿತರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಜನ್ಮದಲ್ಲಿ ಒಂದು ಕೊಡ ನೀರು ತುಂಬಿದವರೇ?

ಕಾರ್ಯದರ್ಶಿಗಳು ಕೂಗಾಡಿದರು. ಸಂಗ್ರಹಾಲಯದ ವಸ್ತು ನೋಡುವುದಕ್ಕಿರುತ್ತದೆ, ನೀರು ಹಾಕುವುದಕ್ಕಲ್ಲ ಎಂದರು. ಅಪ್ಪ ಅವರಿಗೆ ಏನಾದರೂ ಅನ್ನುತ್ತಾನೆಂದು ನಾನು ಕಾದೆ. ಅಂದದ್ದು ಅವ್ವನಿಗೆ.

"ಎಲ್ಲಾರ ಮುಂದ ನನ್ನ ಮಾನ ತೆಗೀಬ್ಯಾಡ. ನಡಿ ಮನಿಗೆ."

"ನಡೀತೇನ್ರಿ," ಅಂದಳು ಅವ್ವ. "ಹಂಡೆ ಹೊತಗೊಂಡ ನಡೀತೇನಿ. ಮುಂದ ನೀವು ಹಿಡೀರಿ."

ಅವಳೇ ಹಂಡೆಯನ್ನು ಬಾಗಿಸಿ ನೀರು ಚೆಲ್ಲಿದಳು. ಕಿಲ್ಲೆಯ ಉಳಿದ ಅರ್ಧವೂ ಹೋಯಿತು. ಅತಿಥಿಗಳೆಲ್ಲ ನೋಡುತ್ತಿರುವಾಗ ಅಪ್ಪ ಅತ್ತರದಾನಿ ಕೆಳಗಿಟ್ಟು ಬಂದ. ಬಿದಿರಿನ ಗಳಕ್ಕೆ ಹಂಡೆ ಕಟ್ಟಿ, ಮುಂದೆ ಅಪ್ಪ, ಹಿಂದೆ ಅವ್ವ, ಕೊಡ ಹಿಡಿದು ನಾನು, ತಾಂಬಟ ಆಳಿಯೆಂಬ ಓಣಿಯ ನಡುವೆಯೇ ಹಾದು ಬಂದೆವು. ಹಂಡೆ ಮಾಡುವ ತಾಮ್ರಗಾರರು ಕೆಲಸ ನಿಲ್ಲಿಸಿ ಆ ತೂತುಗಳನ್ನು ನೋಡಿದರು. ಒಬ್ಬ ಈಗಲೇ ಮುಚ್ಚಿಕೊಡುತ್ತೇನೆ ಅಂದ. ಅವ್ವ ಬೇಡವೆಂದಳು.

ಮನೆಗೆ ಬಂದು ಫಲಕ ಕಿತ್ತಳು. ಅಜ್ಜಿಯ ಹೆಸರಿನ ಮೊದಲ ಅಕ್ಷರದ ಮೇಲೊಂದು ತೂತು, ಕೊನೆಯದರ ಮೇಲೊಂದು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಸಿಟ್ಟಿಗೆ ಅತ್ತೆ. ಅವ್ವ ಅಳಲಿಲ್ಲ. ತೂತಿನ ಕೆಳಗಿನ ಮಟ್ಟಕ್ಕೆ ನೀರು ತುಂಬಿ, ಬಳ್ಳಿ ಕಟ್ಟಿ, ಆರತಿ ಮಾಡಿದಳು. ಆ ಫಲಕ ಮುಂದೆ ಬಹಳ ವರ್ಷ ನಮ್ಮ ಬಚ್ಚಲೊಲೆಯ ಬೂದಿ ಬಳಿಯಲು ಒದಗಿತು.

ಬೆಳಗ್ಗೆ ಕತ್ತಲಿರುವಾಗಲೇ ಅವಳು ತನ್ನ ಸ್ನಾನ ಮುಗಿಸಿ ನನ್ನ ಗಂಡನಿಗೆ ಎಣ್ಣೆಯೊತ್ತಿ ಎರೆದಳು. ಆಮೇಲೆ ನನ್ನ ತಮ್ಮಂದಿರಿಗೆ. ಆಮೇಲೆ ನನಗೆ, ಎರಡೂ ಕೈಯಿಂದ, ನಿಧಾನವಾಗಿ, ಸಾಕೆಂದರೂ ಬಿಡದೆ. ಪ್ರತಿವರ್ಷ ಎಲ್ಲರಿಗಿಂತ ಮೊದಲು ಎರೆಸಿಕೊಳ್ಳುತ್ತಿದ್ದ ಅಪ್ಪ ಮೈಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತೇ ಇದ್ದ. ಎದುರುಮನೆಯ ಮಾಳಿಗೆಯ ಮೇಲೆ ಬಿಸಿಲು ಬಿತ್ತು. ಅವನೆದ್ದು ಬಂದು ಹಂಡೆಯೊಳಗೆ ಬಗ್ಗಿ ನೋಡಿದ.

"ನನ್ನ ನೀರ ಎಲ್ಲಿ?" ಅಂದ.

"ನಿಮ್ಮ ಪಾಲಿನ ನೀರು ಆ ತೂತಿನ ಮ್ಯಾಲಿತ್ತರಿ," ಅಂದಳು ಅವ್ವ.

ಅಪ್ಪ ನಲ್ಲಿಯ ತಣ್ಣೀರಿಗೆ ಹೋದ. ನನಗೆ ಪಾಪ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.