ವಜ್ರದ ಹಾರ ಮತ್ತು ಪೊಳ್ಳು ಫರ್ಸಿ

ನಮ್ಮಪ್ಪ ಶಹಾಬಾದಿನಲ್ಲಿ ಮನೆ ಮನೆಯ ನೆಲಕ್ಕೆ ಫರ್ಸಿ ಕಲ್ಲು ಹಾಸುವ ಮಿಸ್ತ್ರಿ. ಅವರನ್ನೂ ಅವ್ವನನ್ನೂ ನಾನಿರುವ ಲಂಡನ್ನಿಗೆ ಕರೆಸಿಕೊಂಡು ಊರೆಲ್ಲ ತಿರುಗಿಸಿದೆ. ಅವ್ವ ಗೋಪುರ ನೋಡಿದಳು, ಅಪ್ಪ ನೆಲ ನೋಡಿದರು.

ಒಂದು ದೊಡ್ಡ ಮ್ಯೂಸಿಯಂನಲ್ಲಿ ಯಾವುದೋ ರಾಣಿಯ ವಜ್ರದ ಹಾರವಿತ್ತು. ಗಾಜಿನ ಪೆಟ್ಟಿಗೆಯ ಸುತ್ತ ಜನ ಮುತ್ತಿದ್ದರು. ಹಿಂದಿನಿಂದ ಟಕ್ ಟಕ್ ಸದ್ದು. ತಿರುಗಿದರೆ ಅಪ್ಪ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಕಿವಿಗೊಟ್ಟು, ಮನೆಯ ಕೀಲಿಕೈಯಿಂದ ಕಲ್ಲು ಬಡಿಯುತ್ತಿದ್ದಾರೆ!

"ಅಪ್ಪಾ, ಏಳ್ರಿ! ಹೊರಗ ಹಾಕ್ತಾರ!"

"ತಡಿಯೋ. ಈ ಫರ್ಸಿ ತೆಳಗ ಪೊಳ್ಳದ. ಗಚ್ಚು ಸರಿ ತುಂಬಿಲ್ಲ."

ಅಷ್ಟರಲ್ಲಿ ಆರಡಿ ಎತ್ತರದ ಕಾವಲುಗಾರ ಬಂದೇಬಿಟ್ಟ. ವಜ್ರದ ಪಕ್ಕದಲ್ಲಿ ಕೂತು ನೆಲ ಎಲ್ಲಿ ಪೊಳ್ಳಾಗಿದೆ ಎಂದು ಹುಡುಕುವವನನ್ನು ಯಾರು ತಾನೇ ಸುಮ್ಮನೆ ಬಿಟ್ಟಾರು? ನಾನು "ಸಾರಿ, ಸಾರಿ" ಎನ್ನುತ್ತ ಅಪ್ಪನ ತೋಳು ಹಿಡಿದೆಳೆದೆ. ಅಪ್ಪ ಮಾತ್ರ ಕೀಲಿಕೈಯನ್ನು ಅವನ ಕೈಗೇ ಕೊಟ್ಟು, ನೆಲ ತೋರಿಸಿ ಅಚ್ಚ ಕನ್ನಡದಲ್ಲಿ ಹೇಳಿದರು: "ಕುಂದ್ರಿ ಸಾಹೇಬ್ರ, ನೀವೇ ಬಡದು ನೋಡ್ರಿ."

ಅವನು ಕೂತ! ಆ ಕಲ್ಲು ಬಡಿದ, ಪಕ್ಕದ ಕಲ್ಲು ಬಡಿದ, ಹುಬ್ಬೇರಿಸಿದ. ಎದ್ದುಹೋಗಿ ಕೆಂಪು ಹಗ್ಗ ತಂದು ಆ ಕಲ್ಲಿನ ಸುತ್ತ ಕಟ್ಟಿದ. ಅದೇನೋ ವಿಶೇಷವೆಂದು ಜನರೆಲ್ಲ ಹಾರ ಬಿಟ್ಟು ಅಲ್ಲಿಗೆ ನುಗ್ಗಿದರು.

"ಭಾಳ ಚಲೋ ಆತು. ಈಗ ಹಾರ ನನಗೂ ಕಾಣಾಕತ್ತದ," ಎಂದಳು ಅವ್ವ.

ಅವರಿಬ್ಬರೂ ಊರಿಗೆ ಮರಳಿದ ಮೇಲೆ ಅಪ್ಪನ ಪ್ರತಿ ಪತ್ರವೂ "ಆ ಫರ್ಸಿ ತೆಗೆದು ಮತ್ತೆ ಸರಿಯಾಗಿ ಹಾಕಿದರೇನು?" ಎಂದೇ ಶುರುವಾಗುತ್ತದೆ. ನಾನು ಹೇಗಿದ್ದೇನೆ ಎಂದು ಕೇಳುವುದು ಕೊನೆಗೆ, ಜಾಗ ಉಳಿದಿದ್ದರೆ.