ಮಾಸೆಲ್ಲೊ ಸಿಸ್ಟರ್ ಕಟ್ಟಿದ ಗುಳಿಗೆ ಹಾಡು

ಮಾಸೆಲ್ಲೊ ಸಿಸ್ಟರ್‌ಗೆ ಹಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ಲೆಸೊಥೊ ಗುಡ್ಡಗಳಲ್ಲಿ ಅವರ ದನಿಯನ್ನು ಹೊಗಳುವವರು ಬಹಳ ಜನ ಹುಟ್ಟಿಕೊಂಡಿದ್ದಾರೆ. ಎಲ್ಲ ಸುಳ್ಳು. ಹಾ ಸೆಖೋಬೆ ಎಂಬ ಊರಿನ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ವರ್ಷ ಅವರ ಪಕ್ಕದ ಕೋಣೆಯಲ್ಲಿ ಗುಳಿಗೆ ಎಣಿಸಿದವಳು ನಾನು, ಮಾಪಾಲೆಸಾ. ಬೆಳಗಿನ ಪ್ರಾರ್ಥನೆಗೆ ಅವರು ಬಾಯಿ ತೆರೆದರೆ ಹೊರಗೆ ಕಟ್ಟಿದ ಕತ್ತೆಗಳು ಕಿವಿ ನಿಮಿರಿಸುತ್ತಿದ್ದವು.

ನಮ್ಮಲ್ಲಿ ಡಾಕ್ಟರು ಬರುವುದು ತಿಂಗಳಿಗೊಮ್ಮೆ, ಅದೂ ಹೊಳೆ ದಾಟಲು ಬಿಟ್ಟರೆ. ಉಳಿದ ದಿನವೆಲ್ಲ ಎದೆಗೆ ಕಿವಿ ಕೊಡುವವರು ನರ್ಸಾದ ಈ ಸಿಸ್ಟರ್, ಕಾಯಿಲೆ ಯಾವುದೆಂದು ಹೇಳುವವರು ಸಿಸ್ಟರ್, ಔಷಧಿ ಬರೆಯುವವರೂ ಅವರೇ. ಪ್ರತಿಯೊಬ್ಬರೂ ಮನೆಯಿಂದ ತರುವ ಕಾಯಿಲೆ ಪುಸ್ತಕ ಬುಕಾನಾದಲ್ಲಿ ಅವರು ಬರೆದದ್ದನ್ನು ನೋಡಿ ನಾನು ಪೊಟ್ಟಣ ಕಟ್ಟುತ್ತಿದ್ದೆ. ಆದರೆ ಪೊಟ್ಟಣ ಕೈಗೆ ಬಂದ ಮಾತ್ರಕ್ಕೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಯಾವುದು, ಎಷ್ಟು, ಯಾವಾಗ ಎಂದು ಅವರೆದುರು ಒಪ್ಪಿಸಬೇಕಿತ್ತು. ಒಮ್ಮೆ ಮೊಹಾಪಿ ಎಂಬ ಮುದುಕ ಮೂರನೆಯ ಸಲಕ್ಕೆ ಸುಸ್ತಾಗಿ ಹೇಳಿದ, "ಸಿಸ್ಟರ್, ನನ್ ಮದ್ವೇಲಿ ಪಾದ್ರಿನೂ ಇಷ್ಟ್ ಸಲ ಕೇಳಿರ್ಲಿಲ್ಲ."

"ಅದಕ್ಕೇ ನಿಮ್ ಹೆಂಡ್ತಿ ಇವತ್ತಿಗೂ ಗೋಳಾಡ್ತಿರೋದು, ನ್ತಾತೆ. ಇನ್ನೊಂದ್ಸಲ ಹೇಳಿ."

ಇಷ್ಟಾದರೂ ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಅವರು ಸೋಲುತ್ತಿದ್ದರು. ಆ ಕಾಯಿಲೆಗೆ ನಾವು ಕೊಡುತ್ತಿದ್ದದ್ದು ಎರಡು ಗುಳಿಗೆ. ಹಳದಿಯದು ಚಿಕ್ಕದು, ಜೋರಿನದು, ಬೆಳಿಗ್ಗೆ ಉಣ್ಣುವಾಗ ಒಂದೇ ಒಂದು. ಬಿಳಿಯದು ದೊಡ್ಡದು, ಸೌಮ್ಯವಾದದ್ದು, ದಿನಕ್ಕೆ ಮೂರು ಸಲ ಊಟದ ಜೊತೆ. ಹಳದಿಯನ್ನು ಹೆಚ್ಚು ನುಂಗಿದರೆ ಮೈಯ ಸಕ್ಕರೆ ಇಳಿದು ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುವುದು. ಡಬ್ಬಿಯ ಮೇಲಿನ ಅಕ್ಷರ ಓದಲು ಅಜ್ಜಿಯರಿಗೆ ಕಣ್ಣೂ ಇರಲಿಲ್ಲ, ಓದೂ ಇರಲಿಲ್ಲ. ಹೇಳಿ ಹೇಳಿ ಬಾಯಿ ನೋವು ಬಂದ ಒಂದು ದಿನ ಸಿಸ್ಟರ್ ಹಾಡು ಕಟ್ಟಿದರು.

ಹಳದಿ ಒಂದೇ, ಸೂರ್ಯನ ಜೊತೆಗೆ
ಬಿಳಿಯದು ಮೂರು, ಅನ್ನದ ಜೊತೆಗೆ
ಹೊಟ್ಟೆ ಖಾಲಿಯೇ? ಮುಚ್ಚಿಡು ಡಬ್ಬಿ

"ಇದೂ ಒಂದು ಹಾಡಾ ಮೆ?" ಎಂದು ನಕ್ಕೆ ನಾನು. ನಮ್ಮಲ್ಲಿ ಹಿರಿಯ ಗಂಡಸನ್ನು ನ್ತಾತೆ, ಹಿರಿಯ ಹೆಂಗಸನ್ನು ಮೆ ಎಂದೇ ಕರೆಯುವುದು. "ನಿಮ್ ದನಿ ಕೇಳಿದ್ರೆ ಕಾಯಿಲೇನೇ ಓಡಿಹೋಗುತ್ತೆ ಬಿಡಿ, ಗುಳಿಗೆ ಯಾಕೆ?"

ಅವರು ಕೇರ್ ಮಾಡಲಿಲ್ಲ. ಬೆಳಗಿನ ಕೀರ್ತನೆ ಮುಗಿದ ಕೂಡಲೇ ಬೆಂಚಿನ ಮೇಲಿದ್ದವರಿಗೆಲ್ಲ ಕಲಿಸಿದರು. ಬೆಂಚಿನವರಿಗೆ ಒಳ್ಳೆಯ ದನಿಯಿತ್ತು. ಅವರು ಅದಕ್ಕೆ ಎರಡು ಮೂರು ಎಳೆ ರಾಗ ಸೇರಿಸಿ ಗುಡ್ಡ ಹತ್ತಿಸಿಕೊಂಡು ಹೋದರು. ಒಂದೇ ವರ್ಷದಲ್ಲಿ ಕಳೆ ಕೀಳುವವರೂ ಹಾಡಿದರು, ಹಗ್ಗ ಹಾರುವ ಹುಡುಗಿಯರೂ ಹಾಡಿದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ನಿಜವಾಗಿಯೂ ಇಳಿದಿತ್ತು. ಇಲಿ ಕಾಟಕ್ಕೆ ಎರಡನ್ನೂ ಒಂದೇ ತಗಡಿನ ಡಬ್ಬಿಯಲ್ಲಿ ಹಾಕಿಡಿ, ಬಣ್ಣ ಇದೆಯಲ್ಲ, ಹಾಡು ಇದೆಯಲ್ಲ ಎಂದು ಹೇಳಿಕೊಟ್ಟದ್ದೂ ಸಿಸ್ಟರೇ. ನಾನು ನಗುವುದನ್ನು ನಿಲ್ಲಿಸಿದೆ. ಅವರಿಗೆ ಸ್ವಲ್ಪ ಜಂಬ ಬಂದಿತ್ತು, ಬರಲಿ ಬಿಡಿ, ಜಂಬ ಪಡುವಂಥ ಕೆಲಸವನ್ನೇ ಮಾಡಿದ್ದರು.

ಕಳೆದ ವರ್ಷದ ಚಳಿಗಾಲದಲ್ಲಿ ಹಿಮ ಬಿದ್ದು ಔಷಧಿ ಲಾರಿ ಮೂರು ವಾರ ತಡವಾಯಿತು. ನಮ್ಮ ಕಪಾಟು ಬರಿದಾಗಿತ್ತು. ಕೊನೆಗೆ ಪೆಟ್ಟಿಗೆಗಳು ಬಂದಾಗ ಒಡೆದವಳು ನಾನು. ಜೋರಿನ ಗುಳಿಗೆಯ ಹೆಸರಿದ್ದ ಪೆಟ್ಟಿಗೆ ತೆರೆದೆ, ಒಳಗೆಲ್ಲ ಬಿಳಿ.

"ಮೆ, ಇಲ್ಲಿ ಬನ್ನಿ. ಇದೇ ಅಂತೆ ನಮ್ ಹಳದಿ."

ಸಿಸ್ಟರ್ ಅಂಗೈಯಲ್ಲಿ ಒಂದಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಹೆಸ್ರು ಸರಿಯಾಗಿ ನೋಡಿದ್ಯಾ?"

"ಹೆಸ್ರೂ ಅದೇ, ತೂಕಾನೂ ಅದೇ. ಬೇರೆ ಕಡೆ ತಯಾರಾಗಿದೆ, ಅಷ್ಟೇ."

ಅವರು ಕುರ್ಚಿಯಲ್ಲಿ ಕುಳಿತರು. ಅಂದಿನಿಂದ ಕ್ಲಿನಿಕ್ಕಿನಲ್ಲಿ ಹಾಡು ನಿಂತಿತು. ಒಬ್ಬೊಬ್ಬರನ್ನೇ ಕೂರಿಸಿ ಎರಡೂ ಗುಳಿಗೆ ಕೈಗಿಟ್ಟು, ಚಿಕ್ಕದು ಒಂದೇ, ದೊಡ್ಡದು ಮೂರು, ಹಾಡು ಮರೀರಿ, ಡಬ್ಬಿ ಬೇರೆ ಬೇರೆ ಮಾಡಿ ಎಂದು ಹೇಳಿಸಿದರು. ನಾನು ಚಿಕ್ಕದರ ಪೊಟ್ಟಣದ ಮೇಲೆ ಒಂದು ಸೂರ್ಯ, ದೊಡ್ಡದರ ಮೇಲೆ ಮೂರು ಸೂರ್ಯ ಬರೆದೆ. ಯಾರಿಗೂ ಒಂದು ವಾರಕ್ಕಿಂತ ಹೆಚ್ಚು ಕೊಡುವುದು ಬೇಡ, ವಾರಕ್ಕೊಮ್ಮೆ ಬಂದು ತೋರಿಸಿ ಹೋಗಲಿ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಆ ಮಾತು ಮುರಿದದ್ದು ಮಾಲೆಬೊನಾ ಅಜ್ಜಿಗಾಗಿ. ಕಣಿವೆಯಾಚೆಯ ಊರಿನಿಂದ ಮೂರು ಗಂಟೆ ನಡೆದು ಬಂದಿದ್ದಳು. ಮಂಡಿ ಊದಿಕೊಂಡಿತ್ತು, ಕಂಬಳಿಯ ಅಂಚು ಹಿಮದಲ್ಲಿ ತೊಯ್ದಿತ್ತು. ಹೇಳಿಕೊಟ್ಟದ್ದನ್ನು ಒಂದೂ ತಪ್ಪದೆ ಒಪ್ಪಿಸಿದಳು. "ಚಿಕ್ಕದು ಒಂದು. ದೊಡ್ಡದು ಮೂರು. ನಾನೇನು ಮಗುವಾ ಸಿಸ್ಟರ್?"

"ಮನೇಲಿ ಗುಳಿಗೆ ಕೊಡೋರು ಯಾರಜ್ಜಿ?"

"ಸೊಸೆ. ಮಾಕೊಪಾನೊ. ಅವ್ಳು ನಂಗಿಂತ ಗಟ್ಟಿ."

"ಅವ್ಳಿಗೂ ಹೀಗೇ ಹೇಳ್ಬೇಕು, ಆಯ್ತಾ?"

ಹೇಳುತ್ತೇನೆ ಎಂದಳು. ಸಿಸ್ಟರ್ ಆಕೆಯ ಮಂಡಿಯನ್ನು ನೋಡಿದರು, ಹೊರಗಿನ ಆಕಾಶ ನೋಡಿದರು, ಬುಕಾನಾದಲ್ಲಿ ಎರಡು ತಿಂಗಳಿನದು ಬರೆದರು. ಅರವತ್ತು ಚಿಕ್ಕವನ್ನು ಎಣಿಸಿ ಕಟ್ಟಿದವಳು ನಾನು. ನಾನೂ ಬೇಡ ಅನ್ನಲಿಲ್ಲ. ಆ ಮಂಡಿ ನೋಡಿದ ಮೇಲೆ ವಾರ ವಾರ ಬಾ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅಜ್ಜಿಯ ಊರಿನಿಂದ ಕುದುರೆ ಮೇಲೆ ಒಬ್ಬ ಬಂದ. ಅಜ್ಜಿ ಏಳುತ್ತಿಲ್ಲ, ಕರೆದರೆ ಓಗೊಡುತ್ತಿಲ್ಲ ಎಂದ. ಸಿಸ್ಟರ್ ಸಕ್ಕರೆ ನೀರಿನ ಬಾಟಲಿ, ಸೂಜಿ ಕಟ್ಟಿಕೊಂಡು ಹೊರಟರು, ನಾನೂ ಹೊರಟೆ. ನಾವು ತಲುಪುವಷ್ಟರಲ್ಲಿ ಹೆಂಗಸರು ನಮ್ಮ ಸಾವಿನ ಮನೆಗಳ ವಾಡಿಕೆಯಂತೆ ಸಾಮಾನು ಹೊರಗಿಟ್ಟು ನೆಲಕ್ಕೆ ಹಾಸಿಗೆ ಹಾಸುತ್ತಿದ್ದರು. ಆಗಿಹೋಗಿತ್ತು.

ಸಿಸ್ಟರ್ ಗುಳಿಗೆ ಡಬ್ಬಿ ಕೇಳಿದರು. ಅದೇ ಹಳೆಯ ತಗಡಿನ ಡಬ್ಬಿ, ಒಳಗೆ ಚಿಕ್ಕದೂ ದೊಡ್ಡದೂ ಒಟ್ಟಿಗೆ. ಸೂರ್ಯ ಬರೆದ ಪೊಟ್ಟಣಗಳು ಒಲೆಗೆ ಹೋಗಿದ್ದವು. ನಾನು ಗೋಡೆಯ ಹಿಂದೆ ಕುಳಿತು ಚಿಕ್ಕವನ್ನು ಎಣಿಸಿದೆ. ಒಂಬತ್ತು ದಿನಕ್ಕೆ ಒಂಬತ್ತು ಖರ್ಚಾಗಬೇಕಿತ್ತು. ಇಪ್ಪತ್ತೇಳು ಖರ್ಚಾಗಿದ್ದವು. ಎರಡನೆಯ ಸಲ ಎಣಿಸಿದೆ, ದಿನಕ್ಕೆ ಮೂರರ ಲೆಕ್ಕವೇ ಬಂತು.

ಮಾಕೊಪಾನೊ ಹಿಟ್ಟಿನ ಕೈಯಲ್ಲೇ ಬಂದು ಸಿಸ್ಟರನ್ನು ತಬ್ಬಿಕೊಂಡಳು. ಇಪ್ಪತ್ತೈದರ ಹುಡುಗಿ, ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. "ನೀವು ಹೇಳಿದ್ ಹಾಗೇ ಎಲ್ಲಾ ಮಾಡ್ದೆ ಸಿಸ್ಟರ್. ಒಂದು ಹೊತ್ತೂ ತಪ್ಪಿಸ್ಲಿಲ್ಲ," ಎಂದು ಅತ್ತಳು. ಸಿಸ್ಟರ್ ಆಕೆಯ ತಲೆ ಸವರುತ್ತ ನಿಂತರು.

ದಾರಿಯಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ. "ಯಾಕ್ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿನ್ ಕೈಯಿಂದ್ಲೇ ಹೋದ್ಲು ಅಂತಾ? ಮಣ್ಣಾಗ್ಲಿ ಮಾಪಾಲೆಸಾ. ಆಮೇಲೆ ಒಬ್ಳನ್ನೇ ಕೂರಿಸಿ ಹೇಳ್ತೀನಿ."

"ಉಳಿದೋರು? ಇನ್ನೂ ಹಾಡ್ತಾ ನುಂಗ್ತಿರೋರು?"

ಆ ವಾರವೆಲ್ಲ ನಾವು ಹೊಸ ಗುಳಿಗೆ ಒಯ್ದು ಇನ್ನೂ ತೋರಿಸಲು ಬಾರದವರನ್ನು ಹುಡುಕಿಕೊಂಡು ಅಲೆದೆವು. ಹದಿನಾರು ಜನರಲ್ಲಿ ಏಳು ಮಂದಿ ಸಿಕ್ಕರು. ಉಳಿದವರು ಗುಡ್ಡದ ಆಚೆ ಈಚೆ ಚದುರಿದ್ದರು, ಹಿಮ ಬಿಡಲಿಲ್ಲ. ಅವರೆಲ್ಲ ಒಂದೇ ಕಡೆ ಸೇರುವುದೆಂದರೆ ಶನಿವಾರ ಮಾಲೆಬೊನಾ ಅಜ್ಜಿಯ ಮಣ್ಣಿಗೆ. ಅಲ್ಲಿ ಎಲ್ಲರೆದುರು ಹೇಳದೆ ಬೇರೆ ದಾರಿಯಿರಲಿಲ್ಲ. ಅದಕ್ಕೆ ಮುಂಚೆ ಬೆಳಿಗ್ಗೆಯೇ ಮಾಕೊಪಾನೊಳನ್ನು ಪಕ್ಕಕ್ಕೆ ಕರೆದು ತಿಳಿಸಬೇಕೆಂದು ಸಿಸ್ಟರ್ ಬೇಗ ಹೋದರು. ಆಕೆಯ ಸುತ್ತ ಹೆಂಗಸರ ಗೋಡೆ. ಕಡಾಯಿ, ಸೌಟು, ಬಂದವರು, ಹೋದವರು. ಆಕೆ ಸಿಕ್ಕಲೇ ಇಲ್ಲ.

ನಮ್ಮಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಒಯ್ಯುವ ಮೊದಲು ಒಬ್ಬರು ಎದ್ದು ಸತ್ತವರ ಕಾಯಿಲೆಯ ಕಥೆ ಹೇಳಬೇಕು. ಯಾವಾಗ ಶುರುವಾಯಿತು, ಏನೇನು ಕೊಟ್ಟೆವು, ಕೊನೆಯ ತುತ್ತು ಯಾವುದು, ಎಲ್ಲ ಬಿಚ್ಚಿ ಹೇಳಬೇಕು. ಹೇಳದಿದ್ದರೆ ಜನ ಮಾಟ ಎನ್ನುತ್ತಾರೆ. ನೋಡಿಕೊಂಡವರೇ ಹೇಳಬೇಕಾದ್ದರಿಂದ ಮಾಕೊಪಾನೊ ಎದ್ದಳು.

"ನಮ್ಮತ್ತೆಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ," ಎಂದು ಶುರುಮಾಡಿದಳು. "ಸಿಸ್ಟರ್ ಹಾಡು ಕಲಿಸಿದ್ ಮೇಲೆ ಚೆನ್ನಾಗೇ ಇದ್ರು. ಈ ಸಲ ಹಳದಿ ಬರ್ಲಿಲ್ಲ, ಬಿಳಿಯವೇ ಎರಡು ಥರ ಬಂದ್ವು. ಅತ್ತೆ ಏನೋ ಹೇಳೋಕ್ ಬಂದ್ರು, ಚಿಕ್ಕದು ಒಂದೇ ಕೊಡು ಅಂತ. ನಿಮ್ಗೆ ಮರೆವು ಅತ್ತೆ, ಬಿಳಿಯದು ಮೂರು ಅಂತ ಹಾಡಿ ತೋರಿಸ್ದೆ. ಆಮೇಲೆ ಅವರೂ ನಕ್ಕು ಹಾಡಿದ್ರು."

ಜನ ನಕ್ಕರು. ನಮ್ಮ ಸಾವಿನ ಮನೆಯಲ್ಲಿ ಸತ್ತವರ ತಮಾಷೆ ಹೇಳಿ ನಗುವುದುಂಟು. ನಾನು ಸಿಸ್ಟರ ಮುಖ ನೋಡಲಿಲ್ಲ.

"ಕೊನೇ ಎರಡು ದಿನ ಚಳಿಯಲ್ಲೂ ಬೆವರ್ತಿದ್ರು. ಕೈ ನಡುಗ್ತಿತ್ತು. ಉಣ್ಣಲ್ಲ ಅಂದ್ರು. ನಾನ್ ಬಿಡ್ಲಿಲ್ಲ. ಖಾಲಿ ಹೊಟ್ಟೇಲಿ ಕೊಡಬಾರ್ದಲ್ಲ, ಅದಕ್ಕೇ ಎರಡು ಚಮಚ ಗಂಜಿ ತಿನ್ನಿಸಿ ಗುಳಿಗೆ ಕೊಟ್ಟೆ. ಅದೇ ಕೊನೇದು. ನನ್ ಕೈಲಿ ಆದದ್ದೆಲ್ಲಾ ಮಾಡಿದೀನಿ."

ಜನ ಹೂಂಗುಟ್ಟಿದರು. ಒಬ್ಬ ಮುದುಕಿ ಗಟ್ಟಿಯಾಗಿ ಹರಸಿದಳು, ಇಂಥ ಸೊಸೆ ಎಲ್ಲರಿಗೂ ಸಿಗಲಿ ಎಂದು. ಆಮೇಲೆ ಕ್ಲಿನಿಕ್ಕಿನವರು ಮಾತಾಡಲಿ ಎಂದು ಹೆಸರು ಕೂಗಿದರು.

ಸಿಸ್ಟರ್ ಎದ್ದರು. ಸುಮ್ಮನೆ ಕುಳಿತುಬಿಡಲಿ ಎಂದು ನನ್ನ ಅರ್ಧ ಮನಸ್ಸು ಬೇಡುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ಅಲ್ಲಿದ್ದ ಕಂಬಳಿಗಳ ನಡುವೆ ನನಗೆ ನಾವು ಹುಡುಕಿ ಸಿಗದಿದ್ದ ಒಂಬತ್ತು ಮುಖಗಳೂ ಕಾಣುತ್ತಿದ್ದವು.

"ಗುಳಿಗೆ ಬಣ್ಣ ಬದಲಾಗಿದೆ," ಎಂದರು ಸಿಸ್ಟರ್. "ಹಳದಿ ಈಗ ಬಿಳಿಯಾಗಿದೆ. ಚಿಕ್ಕ ಬಿಳಿಯದು ದಿನಕ್ಕೆ ಒಂದೇ. ಮೂರು ತಗೊಂಡ್ರೆ ಜೀವ ಹೋಗುತ್ತೆ. ನನ್ ಹಾಡು ತಪ್ಪಾಗಿದೆ. ಯಾರೂ ಹಾಡ್ಬೇಡಿ, ಮಕ್ಕಳಿಗೂ ಹಾಡೋಕ್ ಬಿಡಬೇಡಿ. ಮನೇಗ್ ಹೋಗಿ ಡಬ್ಬಿ ತಗೊಂಡು ಇವತ್ತೇ ನನ್ ಹತ್ರ ಬನ್ನಿ. ಈ ಸಾವು ನನ್ನಿಂದ ಆಗಿದ್ದು. ಈ ಮನೆಯವರಿಂದ ಅಲ್ಲ."

ಮಾಕೊಪಾನೊ ಇನ್ನೂ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು.

"ಹಾಗಾದ್ರೆ ಅತ್ತೆ ಹೇಳಿದ್ದೇ ಸರಿ ಇತ್ತಾ ಸಿಸ್ಟರ್?"

"ಸರಿ ಇತ್ತು ಕಣವ್ವ. ನಾನ್ ಕಲಿಸಿದ್ದು ತಪ್ಪಿತ್ತು."

ಆಕೆ ಅಳಲಿಲ್ಲ, ಬೈಯಲಿಲ್ಲ. ಬೆನ್ನಿನ ಕೂಸನ್ನು ಬಿಚ್ಚಿ ಪಕ್ಕದವಳ ಕೈಗೆ ಕೊಟ್ಟು ನೆಲಕ್ಕೆ ಕುಳಿತಳು. ಬೈದಿದ್ದರೆ ನಾವಿಬ್ಬರೂ ಬದುಕಿಕೊಳ್ಳುತ್ತಿದ್ದೆವು. ಅಂದು ಸಂಜೆಯೊಳಗೆ ಒಂಬತ್ತು ಡಬ್ಬಿಗಳೂ ಬಂದವು. ಅವುಗಳಲ್ಲಿ ನಾಲ್ಕರಲ್ಲಿ ಎರಡೂ ಗುಳಿಗೆ ಕಲೆತಿದ್ದವು. ಆ ನಾಲ್ವರೂ ಇವತ್ತಿಗೂ ಬದುಕಿದ್ದಾರೆ. ಮೇಲಿನವರು ಬಂದು ಕೇಳಿದಾಗ ಸಿಸ್ಟರ್ ತಮ್ಮ ಹೆಸರಿನಲ್ಲೇ ಎಲ್ಲ ಬರೆದುಕೊಟ್ಟರು, ಸೂರ್ಯ ಬರೆದವಳ ಹೆಸರು ಹಾಕಲಿಲ್ಲ. ಅವರನ್ನು ತೆಗೆಯಲಿಲ್ಲ, ಆ ಗುಡ್ಡಕ್ಕೆ ಬೇರೆ ಯಾರು ಬರುತ್ತಾರೆ? ಬೆಳಗಿನ ಕೀರ್ತನೆಗೆ ಮಾತ್ರ ಅವರು ತುಟಿ ಬಿಚ್ಚುವುದಿಲ್ಲ. ಆ ಕೆಟ್ಟ ದನಿಯಿಲ್ಲದೆ ನನಗೆ ಬೆಳಗಾದಂತೆಯೇ ಆಗುವುದಿಲ್ಲ.

ಹಿಮ ಕರಗಿದ ಮೇಲೆ ಮಾಕೊಪಾನೊ ಕೂಸನ್ನು ಹೊತ್ತುಕೊಂಡು ಬಂದಳು. ಮಗುವಿಗೆ ಎದೆ ಕಟ್ಟಿ ಜ್ವರ ಸುಡುತ್ತಿತ್ತು. ಸಿಸ್ಟರ್ ಎದೆ ಪರೀಕ್ಷಿಸಿದರು, ಉಸಿರು ಎಣಿಸಿದರು, ಬುಕಾನಾದಲ್ಲಿ ಬರೆದರು. ನಾನು ಪುಡಿಗೆ ನೀರು ಬೆರೆಸಿ ಬಾಟಲಿ ಕುಲುಕಿ ಕೊಟ್ಟೆ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು, ಐದು ದಿನ ಎಂದು ಸಿಸ್ಟರ್ ವಿವರಿಸಿದರು. ಆಕೆ ತಲೆಯಾಡಿಸಿ ಕೇಳಿದಳು. ಆಮೇಲೆ ಬಾಟಲಿಯನ್ನು ಮೇಜಿನ ಮೇಲೆ ವಾಪಸು ಸರಿಸಿದಳು.

"ಅರ್ಥ ಆಯ್ತು ಸಿಸ್ಟರ್. ಆದ್ರೆ ನೀವೇ ಕುಡಿಸಿ. ನನ್ ಕೈಯಿಂದ ಬೇಡ."

ಎದುರು ಮಾತಿಗೆ ಅವಕಾಶವೇ ಇಲ್ಲದ ಹಾಗೆ ಹೇಳಿದಳು. ಕೆಳಗಿನ ಊರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು ಐದು ದಿನ ಬೆಳಿಗ್ಗೆ ಸಂಜೆ ಮಗು ಹೊತ್ತು ಬಂದಳು. ಸಿಸ್ಟರ್ ಕುಡಿಸುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಐದನೆಯ ದಿನಕ್ಕೆ ಜ್ವರ ಬಿಟ್ಟು ಮಗು ಆಟಕ್ಕೆ ಬಿದ್ದಿತ್ತು. ಸಿಸ್ಟರ್ ಕೊನೆಯ ಚಮಚ ತುಂಬಿ ಆಕೆಯ ಕಡೆ ಚಾಚಿದರು.

"ಇದೊಂದ್ ಸಲ ನೀನೇ ಕೊಡು ಕಣವ್ವ. ನಾನ್ ಪಕ್ಕದಲ್ಲೇ ಇದೀನಿ."

ಮಾಕೊಪಾನೊ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡಳು. ಸಿಸ್ಟರ್ ಸ್ವಲ್ಪ ಹೊತ್ತು ಚಮಚ ಹಿಡಿದೇ ನಿಂತಿದ್ದರು. ಆಮೇಲೆ ತಾವೇ ಕುಡಿಸಿದರು.