ತೊಲೆ ಇಳಿದ ಬೇಸಿಗೆ

ಹಳೆಯ ಮಣ್ಣಿನ ಗೋಡೆ ಒಡೆದಾಗ ಏಳುವ ವಾಸನೆ ಒಂದಿದೆ. ಒಣಗಿದ ಸಗಣಿ, ಸುಣ್ಣ, ಒಲೆಯ ಹೊಗೆ, ಇಲಿಯ ಹಿಕ್ಕೆ, ಯಾವ ಕಾಲದ್ದೋ ಮೆಣಸಿನಕಾಯಿಯ ಘಾಟು, ಎಲ್ಲ ಸೇರಿ ಗಂಟಲಿಗೇ ಕೈ ಹಾಕುತ್ತದೆ. ಹೋದ ತಿಂಗಳು ಬೆಳಗಾವಿಯ ನಮ್ಮ ಓಣಿಯಲ್ಲಿ ಒಂದು ಹಳೆ ಮನೆ ಕೆಡವಿದರು. ಹಳದಿ ಯಂತ್ರವೊಂದು ಬಂದು ಅರ್ಧ ದಿನದಲ್ಲಿ ನೆಲಸಮ ಮಾಡಿ ಹೋಯಿತು. ಧೂಳು ಅಡುಗೆಮನೆಗೆ ನುಗ್ಗುತ್ತದೆಂದು ಸೊಸೆ ಕಿಟಕಿ ಮುಚ್ಚಲು ಹೋದಳು. 'ಮುಟ್ಟಬ್ಯಾಡ ಅದನ್ನ' ಎಂದು ಗದರಿಸಿಬಿಟ್ಟೆ. ಪಾಪ, ಬೆಚ್ಚಿಬಿದ್ದಳು. ಧೂಳಿಗೆ ಮುಖ ಕೊಟ್ಟು ನಿಂತ ಈ ಮುದುಕಿಗೆ ಏನಾಯಿತೆಂದು ಅವಳಿಗೆ ಹೇಗೆ ತಿಳಿಯಬೇಕು? ನನಗೆ ಆ ಧೂಳಿನೊಳಗೆ ಗಂಗತ್ತೆ ಕೆಮ್ಮುವುದು ಕೇಳಿಸುತ್ತಿತ್ತು. ಈಗ ಇಲ್ಲದ ಮನೆಯೊಂದು ನಿಮಗೂ ಇದ್ದರೆ, ನನ್ನ ಸಿಟ್ಟು ನಿಮಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ ನೀವು ಪುಣ್ಯವಂತರು, ಹೋಗಲಿ ಬಿಡಿ.

ಸಿಟ್ಟು ನನ್ನ ಹುಟ್ಟುಗುಣ. ಚಿಕ್ಕವಳಿದ್ದಾಗ ಅದು ಬರೀ ಬಾಯಲ್ಲಿರಲಿಲ್ಲ, ಕೈಯಲ್ಲೂ ಇತ್ತು. ಶಾಲೆಯಲ್ಲಿ ಪಕ್ಕ ಕೂಡುತ್ತಿದ್ದ ಹುಡುಗಿಯ ತಲೆಯ ಮೇಲೆ ನನ್ನ ಪಾಟಿ ಒಡೆದಿತ್ತು, ತಮ್ಮನ ಬುಗುರಿ ಬಾವಿ ಸೇರಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಬೇಸಿಗೆ ಸೂಟಿಗೆ ನಾವಿಬ್ಬರೂ ಪುಣೆಯಲ್ಲಿದ್ದ ಅವ್ವನ ತಂಗಿ ಮಾವಶಿಯ ಮನೆಗೆ ಹೋಗುವುದೆಂದು ನಿಕ್ಕಿಯಾಗಿ, ನನಗೆ ಹೊಸ ಲಂಗವನ್ನೂ ಹೊಲಿಸಿದ್ದರು. ಹೊರಡಲು ವಾರ ಇರುವಾಗ ನಾನು ತಮ್ಮನತ್ತ ಎಸೆದ ತಂಬಿಗೆ ಅವ್ವನ ತವರಿನಿಂದ ಬಂದ ನಿಲುವುಗನ್ನಡಿಗೆ ಬಡಿಯಿತು. ಅವ್ವ ಚೂರು ಆರಿಸುತ್ತ ತಣ್ಣಗೆ ಅಂದಳು: 'ಮುರಿಯೂದು ಒಡಿಯೂದು ಅಂದ್ರ ಭಾಳ ಪ್ರೀತಿ ಅಲ್ಲೇನು ನಿನಗ? ಹೋಗು ನಿಮ್ಮತ್ತಿ ಊರಿಗೆ. ಅಲ್ಲಿ ಊರಿಗೆ ಊರೇ ಮುರಿಯಾಕ ಹತ್ತ್ಯಾರ.' ತಮ್ಮ ಪುಣೆಯ ರೈಲು ಹತ್ತಿದ. ನನ್ನನ್ನು ಅಪ್ಪ ಸವದತ್ತಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗಿದ್ದ ತನ್ನ ಅಕ್ಕ ಗಂಗತ್ತೆಯ ಹಳ್ಳಿಗೆ ಎಳೆದುಕೊಂಡು ಹೊರಟ.

ಬಸ್ಸು ನೇಸರಗಿ ದಾಟಿದರೂ ಅಪ್ಪನ ಜೊತೆ ಮಾತಾಡಲಿಲ್ಲ. ಯರಗಟ್ಟಿಯಲ್ಲಿ ಗಂಗತ್ತೆಯ ಗಂಡ ದೊಡ್ಡಮಾವ ಚಕ್ಕಡಿ ಹೂಡಿಕೊಂಡು ಕಾದಿದ್ದ. ಅವನ ಊರಿನ ಕೆಳಗಡೆ ಹೊಳೆಗೆ ಅಡ್ಡ ಆಣೆಕಟ್ಟು ಎದ್ದಿತ್ತು. ಬರುವ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಅಷ್ಟರೊಳಗೆ ಒಯ್ಯುವುದನ್ನು ಒಯ್ಯಿರಿ ಎಂದು ಡಂಗುರ ಹೊಡೆದಾಗಿತ್ತು. ಒಯ್ಯುವುದೇನನ್ನು? ಮಣ್ಣಿನ ಗೋಡೆಯನ್ನು ಹೊತ್ತುಕೊಂಡು ಹೋಗಲು ಬರುತ್ತದೆಯೇ? ಕಟ್ಟಿಗೆ ಒಯ್ಯಬಹುದು: ಕಂಬ, ಕದ, ಜಂತಿ, ತೊಲೆ. ಅದಕ್ಕಾಗಿ ಜನ ತಮ್ಮ ಮನೆಗಳನ್ನು ತಾವೇ ಒಡೆಯುತ್ತಿದ್ದರು. ಊರು ಕಣ್ಣಿಗೆ ಬೀಳುವ ಮೊದಲೇ ಧಡ್ ಧಡ್ ಎಂಬ ಸದ್ದು ಕೇಳಿತು. ಒಳಗೆ ಹೋದರೆ ತಲೆಯಿಲ್ಲದ ಮನೆಗಳ ಸಾಲು, ಓಣಿಯ ತುಂಬ ಮೊಣಕಾಲುದ್ದ ಮಣ್ಣು, ಬೂದಿ ಬಳಿದುಕೊಂಡಂತೆ ಕಾಣುವ ಜನ. ಗಂಗತ್ತೆ ಕಚ್ಚೆ ಬಿಗಿದು ಮಾಳಿಗೆಯ ಮೇಲೆ ನಿಂತು ಸಲಿಕೆಯಿಂದ ಮಣ್ಣು ತಳ್ಳುತ್ತಿದ್ದಳು. 'ಬಂದ್ಯಾ ತಮ್ಮಾ? ಅಲ್ಲೆ ನಿಂದರಬ್ಯಾಡ!' ಎಂದು ಕೂಗುವುದಕ್ಕೂ ಬುಟ್ಟಿ ಮಣ್ಣು ನನ್ನ ಹೊಸ ಲಂಗದ ಮೇಲೆ ಬೀಳುವುದಕ್ಕೂ ಸರಿಹೋಯಿತು. ಆ ಊರನ್ನು ನಾನು ಅಲ್ಲೇ, ಆ ಕ್ಷಣವೇ ದ್ವೇಷಿಸಿದೆ.

ಗಂಗತ್ತೆಗೆ ಮಕ್ಕಳಿರಲಿಲ್ಲ. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಗಂಡನ ತಮ್ಮ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಪೋರ. ಎರೆದು, ಉಣಿಸಿ, ಬಡಿದು ಅವಳೇ ಬೆಳೆಸಿದಳು. ಅವನೇ ನನ್ನ ಸಣ್ಣಮಾವ. ಈಗ ಅವನಿಗೆ ರಾಮದುರ್ಗದ ಹೆಂಡತಿ, ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಅಲ್ಲಿ ಭಾವಮೈದುನರು ಅವನಿಗೊಂದು ಜಾಗ ತೋರಿಸಿದ್ದರು. ಅವನಿಗೆ ರಾಮದುರ್ಗ. ದೊಡ್ಡಮಾವನಿಗೆ ದಿಬ್ಬದ ಮೇಲೆ ಏಳುತ್ತಿದ್ದ ಹೊಸ ಊರು. ಅತ್ತೆಗೆ ಊರು ಯಾವುದಾದರೂ ಸರಿ, ಕಟ್ಟಿಗೆಯೆಲ್ಲ ಒಂದೇ ದಿಕ್ಕಿಗೆ ಹೋಗಿ ಒಂದೇ ಮನೆ ಏಳಬೇಕು. 'ಊರು ಮುಳುಗಿದ್ರ ಮುಳುಗಲಿ, ಮನಿ ಒಡಿಬಾರದು ತಮ್ಮಾ' ಎಂದು ಅಪ್ಪನ ಮುಂದೆ ಅಂದಳು. ಆಮೇಲೆ ಸಿಕ್ಕಸಿಕ್ಕವರ ಮುಂದೆಲ್ಲ ಅದನ್ನೇ ಅನ್ನುತ್ತಿದ್ದಳು. ಎಲ್ಲ ಬಂದು ನಿಂತದ್ದು ಪಡಸಾಲೆಯ ತೊಲೆಯ ಮೇಲೆ. ನಾನು ಎರಡು ಕೈಯಿಂದ ತಬ್ಬಿದರೂ ಬೆರಳು ಕೂಡದಷ್ಟು ದಪ್ಪ ಸಾಗವಾನಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಒಂದೇ ತುಂಡು. ಅದು ಯಾರ ಚಕ್ಕಡಿ ಏರುತ್ತದೋ ಅವನ ಹೊಸ ಮನೆಗೆ ಪಡಸಾಲೆ, ಉಳಿದವನಿಗೆ ಬರೀ ಕೋಣೆ. ಅಣ್ಣ-ತಮ್ಮ ಮಾತು ಬಿಟ್ಟಿದ್ದರು. ಒಬ್ಬ ಅಡುಗೆಮನೆಯ ಕಡೆಯಿಂದ, ಒಬ್ಬ ದನ ಕಟ್ಟುವ ಕಡೆಯಿಂದ, ಬೆನ್ನಿಗೆ ಬೆನ್ನು ಹಾಕಿ ಮನೆ ಒಡೆಯುತ್ತ ಆ ತೊಲೆಯ ಕಡೆಗೆ ಬರುತ್ತಿದ್ದರು.

ಅಪ್ಪ ನನ್ನನ್ನು ಬಿಟ್ಟು ಹೊರಟುಹೋದ. ಮಧ್ಯಾಹ್ನ ರೊಟ್ಟಿಯಲ್ಲಿ ಮರಳು, ಝುಣಕದಲ್ಲಿ ಮರಳು, ನೀರಿನಲ್ಲೂ ಮರಳು. ತಾಟನ್ನು ಎತ್ತಿ ಒಗೆದೆ. ಗಂಗತ್ತೆ ನನ್ನ ಕೆನ್ನೆಗೆ ಬಿಟ್ಟ ಏಟಿಗೆ ಕಿವಿ ಗುಂಯ್ ಅಂದಿತು. ಹಿತ್ತಲಿಗೆ ಓಡಿ ಅಲ್ಲಿದ್ದ ಗೋಡೆಗೆ ಒದ್ದೆ, ಮತ್ತೆ ಒದ್ದೆ. ಸಣ್ಣಮಾವ ಅಲ್ಲಿ ಕೂತು ಚೌಕಟ್ಟಿನಿಂದ ಮೊಳೆ ಕೀಳುತ್ತಿದ್ದವನು ತಲೆ ಎತ್ತಿ ನೋಡಿ ನಕ್ಕ. 'ಲೇ ತಂಗಿ, ಒದ್ರ ನಿನ್ನ ಕಾಲಿಗೆ ನೋವು, ಗ್ವಾಡಿಗೇನು? ತಗೋ ಇದನ್ನ.' ಕೈಗೆ ಸುತ್ತಿಗೆ ಕೊಟ್ಟ. 'ಈ ಗ್ವಾಡಿ ನಿಂದು. ಸಂಜೀಕ ಇದು ಇಲ್ಲಿ ಇರಬಾರದು ನೋಡು.' ನನಗೆ ನಂಬಿಕೆ ಬರಲಿಲ್ಲ. ಹುಟ್ಟಿದಾಗಿನಿಂದ ಮುಟ್ಟಬೇಡ, ಒಗೆಯಬೇಡ, ಒಡೆಯಬೇಡ ಎಂಬುದನ್ನೇ ಕೇಳಿ ಬೆಳೆದ ಹುಡುಗಿ ನಾನು. ಹೆದರಿ ಹೆದರಿ ಒಂದು ಪೆಟ್ಟು ಹಾಕಿದೆ. ಸಗಣಿಯ ಗಿಲಾವು ಹಪ್ಪಳದಂತೆ ಎದ್ದು ಬಂತು. ಇನ್ನೊಂದು ಹಾಕಿದೆ. ಸಂಜೆಗೆ ಗೋಡೆ ಬಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ರಕ್ತ ಬಂದಿತ್ತು, ಮರಳಿನ ರೊಟ್ಟಿಯನ್ನು ಕಟಕಟ ಅಗಿದು ಮೂರು ತಿಂದೆ. ಪುಣೆ ನೆನಪಾಗಲಿಲ್ಲ.

ಆಮೇಲಿನ ದಿನಗಳ ಸುಖವನ್ನು ಹೇಳಿದರೆ ನೀವು ನನ್ನನ್ನು ರಾಕ್ಷಸಿ ಅನ್ನಬೇಕು. ಅನ್ನಿ. ಬೆಳಗಾದರೆ ಯಾವ ಗೋಡೆ ನನ್ನದೆಂದು ಕೇಳುತ್ತಿದ್ದೆ. ಮೇಲಿನಿಂದ ಕೆಳಗೆ ಒಡೆಯಬೇಕು, ಬುಡಕ್ಕೆ ಹೊಡೆದರೆ ಮೈಮೇಲೆ ಬರುತ್ತದೆ ಎಂದು ಸಣ್ಣಮಾವ ಕಲಿಸಿದ. ಒಡೆದಲ್ಲೆಲ್ಲ ಸುಣ್ಣದ ಪದರಗಳು, ಒಂದೊಂದು ಹಬ್ಬಕ್ಕೆ ಒಂದೊಂದು. ನಡುವೆ ಯಾವುದೋ ಮದುವೆಯ ನೀಲಿ. ಸಂದಿಯಿಂದ ಚೇಳು ಸುರಿಯುತ್ತಿದ್ದವು, ಅವನ್ನು ಜಜ್ಜುವುದೂ ನನ್ನದೇ ಕೆಲಸ. ಒಂದು ಕಡಿಯಿತು. ಊರೆಲ್ಲ ಕೇಳುವ ಹಾಗೆ ಚೀರಿದೆ. ಗಂಗತ್ತೆ ಬೈಯುತ್ತಲೇ ಇಡೀ ಮಧ್ಯಾಹ್ನ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಊದುತ್ತ ಕೂತಳು. ಹೊಡೆದ ಕೈಯೂ ಅದೇ, ಸವರುವ ಕೈಯೂ ಅದೇ, ಎರಡೂ ಉಸುಕುಕಾಗದದಂತೆ ಒರಟು. ಇನ್ನೊಂದು ದಿನ ನಡುಮನೆಯ ಗೋಡೆ ಒಡೆಯುವಾಗ ಬಿರುಕಿನಿಂದ ಕರ‍್ರಗಿನ ಪ್ರಾಣಿಯೊಂದು ಉರುಳಿ ಬಿತ್ತೆಂದು ಸುತ್ತಿಗೆ ಬಿಟ್ಟು ಓಡಿದೆ. ಕೂದಲಿನ ಉಂಡೆ. ತಲೆ ಬಾಚಿಕೊಂಡಾಗ ಉದುರಿದ್ದನ್ನು ಸುತ್ತಿ ಅತ್ತೆ ಗೋಡೆಯ ಸಂದಿಗೆ ತುರುಕುತ್ತಿದ್ದಳಂತೆ, ಬಂದ ವರ್ಷದಿಂದ. ಹೊರಗಿನವು ಬೂದುಬಣ್ಣ, ಒಳಗೆ ಹೋದಷ್ಟೂ ಕಪ್ಪು. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು, 'ಅಯ್ಯ ನನ್ನವ್ವ, ಇಷ್ಟ ದಟ್ಟ ಇತ್ತೇನ ನನ್ನ ಕೂದಲಾ!' ಎಂದು ಹೊಟ್ಟೆ ಹಿಡಿದು ನಕ್ಕಳು. ಆ ಊರಲ್ಲಿ ನಾನು ಕಂಡ ಮನಸಾರೆಯ ನಗು ಅದೊಂದೇ ಅಂದರೂ ಸರಿ.

ಉಳಿದದ್ದೆಲ್ಲ ಹೊಡೆದಾಟ. ಎದುರು ಮನೆಯಲ್ಲಿ ಬೀಸುಕಲ್ಲಿಗಾಗಿ ಇಬ್ಬರು ಓರಗಿತ್ತಿಯರು ಜಡೆ ಹಿಡಿದು ಓಣಿಯ ಮಣ್ಣಲ್ಲಿ ಉರುಳಾಡಿದರು, ಒಬ್ಬಳ ಕಿವಿ ಓಲೆಯ ಸಮೇತ ಹರಿಯಿತು. ಊರ ಅಗಸೆಬಾಗಿಲ ಹತ್ತಿರ ತಂದೆಗೂ ಮಗನಿಗೂ ಕೊಡಲಿ ಎದ್ದಿತು. ಯಾರೋ ತಮಗೆ ಸಿಗದ ಕದಕ್ಕೆ ಬೆಂಕಿ ಹಚ್ಚಿದರು. ಜನ ಕೆಟ್ಟವರಾಗಿರಲಿಲ್ಲ. ಹೊಳೆಯನ್ನು ಹೊಡೆಯಲು ಬರುವುದಿಲ್ಲ, ಆಣೆಕಟ್ಟನ್ನು ಹೊಡೆಯಲು ಬರುವುದಿಲ್ಲ. ಕೈಗೆ ಸಿಗುವವರು ಒಡಹುಟ್ಟಿದವರು ಮಾತ್ರ. ಇದು ಈಗಿನ ತಿಳಿವಳಿಕೆ. ಆಗ ನಾನು ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತ ನೋಡುತ್ತಿದ್ದೆ.

ತೊಲೆಯ ದಿನವೂ ಬಂತು. ಎಂಟು ಜನ ಹಗ್ಗ ಹಾಕಿ, 'ಹುಷಾರ್ರಿ, ಹುಷಾರ್ರಿ' ಅನ್ನುತ್ತ ಅದನ್ನು ಪಡಸಾಲೆಯ ನೆಲಕ್ಕೆ ಇಳಿಸಿ ಬೆವರು ಒರೆಸಿಕೊಂಡು ಹೋದರು. ದೊಡ್ಡಮಾವ ಎತ್ತು ಹೂಡಲು ಎದ್ದ. ಸಣ್ಣಮಾವ ಹೋಗಿ ತೊಲೆಯ ಮೇಲೆ ಕೂತ.

'ಏಳು' ಅಂದ ದೊಡ್ಡಮಾವ. ಅಣ್ಣ ತಮ್ಮನಿಗೆ ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

'ನನ್ನ ಪಾಲು ಇಟ್ಟ ಹೋಗು.'

'ತೊಲಿಗೆ ಪಾಲು ಎಲ್ಲಿಂದು, ಮೂಳಾ? ಹೆಣ್ತಿ ಮನಿ ಕಾಯಾಕ ಹೊಂಟಾಂವಗ ತೊಲಿ ಯಾಕ ಬೇಕು?'

ಸಣ್ಣಮಾವನ ಕೈಯಲ್ಲಿ ಕಬ್ಬಿಣದ ಹಾರೆ ಇತ್ತು. ಬೀಸಿದ. ದೊಡ್ಡಮಾವನ ಹಣೆ ಬಾಯಿ ತೆರೆದಂತೆ ಸೀಳಿತು. ರಕ್ತ ಕಣ್ಣಿಗಿಳಿದು ಕುರುಡನಾದವನೇ ಕೈ ಚಾಚಿ ತಮ್ಮನ ಕುತ್ತಿಗೆ ಹುಡುಕಿ ಹಿಡಿದ. ಹಿಡಿದು ತಲೆಯನ್ನು ಕಂಬಕ್ಕೆ ಬಡಿದ. ಒಂದು ಸಲ ಅಲ್ಲ. ಗೋಡೆಗೆ ಬೀಳುವ ಸುತ್ತಿಗೆಗೂ ಆ ಸದ್ದಿಗೂ ಎಷ್ಟು ಅಂತರವೆಂದು ಆ ದಿನ ನನಗೆ ತಿಳಿಯಿತು. ಅಕ್ಕಪಕ್ಕದವರು ತಮ್ಮ ತಮ್ಮ ಮೋಟುಗೋಡೆಗಳ ಮೇಲೆ ಗುದ್ದಲಿ ಹಿಡಿದು ನಿಂತು ನೋಡುತ್ತಿದ್ದರು, ಬಿಡಿಸಲು ಒಬ್ಬರೂ ಇಳಿಯಲಿಲ್ಲ. ನಾನು ಓಡಿಹೋಗಿ ದೊಡ್ಡಮಾವನ ಮುಂಗೈ ಕಚ್ಚಿದೆ. ಬಾಯಿಗೆ ಉಪ್ಪು ಬಂತು. ಅವನು ಕೊಡವಿದ ರಭಸಕ್ಕೆ ಮಣ್ಣಿನ ಗುಡ್ಡೆಗೆ ಹೋಗಿ ಬಿದ್ದೆ. ಸಣ್ಣಮಾವನ ಕಾಲು ನೆಲ ಬಿಟ್ಟಿದ್ದವು, ನಾಲಿಗೆ ಕಾಣುತ್ತಿತ್ತು.

ಗಂಗತ್ತೆ ಹಿತ್ತಲಿಂದ ಕೊಡಲಿ ಹಿಡಿದು ಬಂದಳು. ಗಂಡನನ್ನು ಕಡಿಯುತ್ತಾಳೆ ಅಂದುಕೊಂಡೆ. ಅವರ ಕಡೆ ನೋಡಲೂ ಇಲ್ಲ. ತೊಲೆಯ ನಟ್ಟನಡುವೆ ಕಾಲು ಅಗಲಿಸಿ ನಿಂತು, ಕೊಡಲಿಯನ್ನು ತಲೆಯ ಮೇಲೆತ್ತಿ ಇಳಿಸಿದಳು. ಕೆಂಪು ಚಕ್ಕೆ ಹಾರಿತು. ದೊಡ್ಡಮಾವನ ಕೈ ತಾನಾಗಿಯೇ ಸಡಿಲವಾಯಿತು. ಸಣ್ಣಮಾವ ನೆಲಕ್ಕೆ ಕುಸಿದು, ಉಸಿರು ಬಂದ ಕೂಡಲೇ ತೆವಳಿಕೊಂಡು ಬಂದು ಅವಳ ಕಾಲು ಹಿಡಿದ. 'ಬ್ಯಾಡ ವೈನಿ, ಬ್ಯಾಡ. ಅಣ್ಣನೇ ಒಯ್ಯಲಿ. ಪೂರಾ ಒಯ್ಯಲಿ.'

'ನನಗ ಬ್ಯಾಡ, ಅಂವಗ ಕೊಡು' ಎಂದು ದೊಡ್ಡಮಾವ ರಕ್ತ ಒರೆಸಿಕೊಳ್ಳುತ್ತ ಚಿಕ್ಕ ಹುಡುಗನಂತೆ ಅತ್ತ. 'ಅದನ್ನ ಕಡಿಬ್ಯಾಡ ಮಾರಾಯ್ತಿ.'

'ಈಗ ಬಾಯಿ ಬಂತೇನು ನಿಮಗ?' ಅಂದಳು ಅತ್ತೆ. ಕಾಲು ಕೊಡವಿಕೊಂಡು ಮತ್ತೆ ಎತ್ತಿದಳು. ಇಬ್ಬರೂ ಬಿಟ್ಟುಕೊಟ್ಟ ಮೇಲೂ ಕಡಿದಳು. ಕೈ ಸೋತಾಗ ಕೂತಳು, ಕೂತು ಎದ್ದು ಮತ್ತೆ ಕಡಿದಳು. ಇಬ್ಬರಲ್ಲಿ ಒಬ್ಬನಿಗೂ ಅವಳ ಕೈ ಹಿಡಿಯುವ ಧೈರ್ಯ ಬರಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ತೊಲೆ ಎರಡಾಗಿ ಬಿತ್ತು.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷದ ಮೇಲೆ, ನನಗೆ ಮದುವೆಯಾದ ಮೇಲೆ ಕೇಳಿದೆ. ದಿಬ್ಬದ ಮೇಲಿನ ಮನೆಯಲ್ಲಿ, ಅರ್ಧ ತೊಲೆಯ ಕೆಳಗೆ, ನಾಲ್ಕು ಜನ ಕಾಲು ಚಾಚಿದರೆ ತುಂಬಿಹೋಗುವ ಕೋಣೆಯಲ್ಲಿ ಕೂತಿದ್ದೆವು. ರಾಮದುರ್ಗದ ಮನೆಯಲ್ಲಿಯೂ ಅಷ್ಟೇ ಜಾಗ. ಅತ್ತೆ ಅವರೆಕಾಯಿ ಸುಲಿಯುತ್ತ ಅಂದಳು: 'ಆವತ್ತು ಒಬ್ಬಾಂವ ಬಿಟ್ಟಕೊಟ್ಟಿದ್ದ ಅಂದ್ರ ಜೀವ ಇರೂತನಾ ಅದನ್ನ ಆಡಿ ತೋರಸ್ತಿದ್ದ. ಒಯ್ದಾಂವ ಆ ತೊಲಿ ಕೆಳಗ ನೆಟ್ಟಗ ನಿದ್ದಿ ಮಾಡ್ತಿದ್ದಿಲ್ಲ. ಈಗ ನೋಡು, ಇಬ್ರೂ ನನಗ ಬೈತಾರ. ಬೈಕೋತ ಒಬ್ಬರ ಮನಿಗೆ ಒಬ್ಬರು ಹೋಗ್ತಾರ, ಬರ್ತಾರ. ನನಗಷ್ಟ ಸಾಕು.' ಸಾಕಾಗಿರಲಿಲ್ಲ ಅವಳಿಗೆ. ಸಣ್ಣಮಾವನ ಮಕ್ಕಳು ಅವಳ ತೊಡೆಯ ಮೇಲೆ ಬೆಳೆಯಲಿಲ್ಲ. ಈಗ ಆ ಮೂವರೂ ಇಲ್ಲ.

ಆ ಬೇಸಿಗೆಯ ಕೊನೆಗೆ ಅಪ್ಪ ನನ್ನನ್ನು ಕರೆಯಲು ಬಂದಾಗ ಮನೆಯೆಂಬುದು ಬರೀ ನೆಲವಾಗಿತ್ತು. ಅತ್ತೆ ಆ ನೆಲವನ್ನು ಅವತ್ತೂ ಸಗಣಿಯಿಂದ ಸಾರಿಸಿದ್ದಳು. ನಾನು ಬರುವುದಿಲ್ಲವೆಂದು ಹಟ ಹಿಡಿದೆ, ಅಪ್ಪನನ್ನು ಪರಚಿದೆ, ಚಕ್ಕಡಿಯಿಂದ ಎರಡು ಸಲ ಜಿಗಿದೆ. ಒಯ್ದು ಕೂರಿಸಿದಾಗ ಅಳುತ್ತ ಕೂಗಿದೆ: 'ಮುಂದಿನ ಸೂಟಿಗೂ ನಾ ಇಲ್ಲೇ ಬರತೇನಿ! ಪುಣೆಕ್ಕ ಹೋಗಾಂಗಿಲ್ಲ, ಇದ ಮನಿಗೆ ಬರತೇನಿ!'

ದೊಡ್ಡಮಾವ ಎತ್ತಿನ ಕೊರಳ ಹಗ್ಗವನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದ. ಅಪ್ಪ ಬೇರೆ ಕಡೆ ಮುಖ ತಿರುಗಿಸಿದ. ಗಂಗತ್ತೆ ಯಾರಿಗೂ ಸುಳ್ಳು ಹೇಳುವವಳಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ. ಚಕ್ಕಡಿಯ ಹತ್ತಿರ ಬಂದು ನನ್ನ ಗದ್ದವನ್ನು ಬಿಗಿಯಾಗಿ ಹಿಡಿದಳು.

'ಬಾ' ಅಂದಳು. 'ತಪ್ಪದ ಬಾ, ನನ್ನ ಮಗಳ. ಬಾಗಲದಾಗ ನಿಂತಿರತೇನಿ.'

ಬಾಗಿಲು ಹಿಂದಿನ ದಿನವೇ ಸಣ್ಣಮಾವನ ಚಕ್ಕಡಿಯಲ್ಲಿ ರಾಮದುರ್ಗಕ್ಕೆ ಹೋಗಿತ್ತು. ಅದನ್ನು ನಾನೇ ಕೈ ಕೊಟ್ಟು ಏರಿಸಿದ್ದೆ. ಆದರೂ ಹೂಂ ಅಂದೆ. ಚಕ್ಕಡಿ ಅಗಸೆ ದಾಟುವವರೆಗೂ ತಿರುಗಿ ನೋಡುತ್ತಲೇ ಇದ್ದೆ. ಅವಳು ಬಾಗಿಲು ಇದ್ದ ಜಾಗದಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು.